ಹೊಸ ಜೆರುಸಲೇಮ್ ಚರ್ಚು, ತರಂಗಂಬಾಡಿ

ತಮಿಳುನಾಡಿನ ಮಯಿಲಾಡುದುರೈ ಜಿಲ್ಲೆಯ ಕಡಲತಡಿಯಲ್ಲಿರುವ ಲೂಥರನ್ ಚರ್ಚು. ಡೇನರ ವಸಾಹತಾಗಿದ್ದ ಈ ಊರಿಗೆ ದೊರೆ ನಾಲ್ಕನೆಯ ಫ್ರೆಡೆರಿಕ್ ಕಳುಹಿಸಿದ ಜರ್ಮನ್ ಪಾದ್ರಿಗಳಾದ ಬಾರ್ತಲೋಮಿಯಸ್ ಸೀಗೆನ್‌ಬಾಲ್ಗ್ ಮತ್ತು ಹೈನ್ರಿಷ್ ಪ್ಲೂಚೊ 1706ರಲ್ಲಿ ಬಂದಿಳಿದರು. 1707ರ ಮೇ ತಿಂಗಳಲ್ಲಿ ಮೊದಲು ದೀಕ್ಷಾಸ್ನಾನ ಪಡೆದವರು ಡೇನರ ಮನೆಗಳ ಐವರು ಗುಲಾಮರು. ಈ ಸಭೆಯ ಹುಟ್ಟನ್ನು ಹೇಳುವಾಗ ಅದನ್ನು ಮರೆಯುವಂತಿಲ್ಲ. ಅದೇ ವರ್ಷ ಒಂದು ಚಿಕ್ಕ ಚರ್ಚು ಎದ್ದಿತು. ಈಗಿನ ಕಟ್ಟಡ 1718ರ ಅಕ್ಟೋಬರ್ 11ರಂದು ಪ್ರತಿಷ್ಠೆಗೊಂಡಿತು. ತಳವಿನ್ಯಾಸ ಶಿಲುಬೆಯಾಕಾರದ್ದು, ಮುಂಭಾಗದಲ್ಲಿ ದೊರೆಯ ಕಿರೀಟಮುದ್ರೆಯಿದೆ. ಹೊಸ ಒಡಂಬಡಿಕೆಯನ್ನು ತಮಿಳಿಗೆ ತಂದ ಸೀಗೆನ್‌ಬಾಲ್ಗ್ ಮರುವರ್ಷವೇ ತೀರಿಕೊಂಡರು. ಅವರ ಸಮಾಧಿ ಇದರೊಳಗಿದೆ. 1845ರಲ್ಲಿ ಡೇನರು ಊರನ್ನು ಬ್ರಿಟಿಷರಿಗೆ ಮಾರಿದರು. ಈಗ ಚರ್ಚು, 1919ರಲ್ಲಿ ರೂಪುಗೊಂಡ ತಮಿಳು ಇವ್ಯಾಂಜೆಲಿಕಲ್ ಲೂಥರನ್ ಚರ್ಚಿನ ಆಡಳಿತದಲ್ಲಿದೆ.