ದಫ್ತರದಲ್ಲಿ ಬರೆದ ಹೆಸರು

ಆಳುವವರಿಗೆ ದಫ್ತರವಿಲ್ಲದೆ ಕೆಲಸ ಸಾಗದು. ಭೂಮಿಗೊಂದು ಪಹಣಿ, ಕಂದಾಯಕ್ಕೊಂದು ಖಿರ್ದಿ, ಹುಟ್ಟುಸಾವುಗಳಿಗೊಂದು ಪುಸ್ತಕ. ಅದರಲ್ಲಿ ಹೆಸರು ಬಿದ್ದರೆ ಹಕ್ಕು ಬಂತೆಂಬುದು ನಮ್ಮೆಲ್ಲರ ತಿಳಿವಳಿಕೆ. ಆದರೆ ಹೆಸರು ಬಿದ್ದ ಕಾರಣದಿಂದಲೇ ಇದ್ದ ಹಕ್ಕನ್ನೂ ಕಳೆದುಕೊಂಡ ಜನ ಈ ದೇಶದಲ್ಲಿ ಉಂಟು. ಜನ ಹಿಜಡಾಗಳೆಂದು ಕರೆದ, ಲಿಂಗತ್ವ ಅಲ್ಪಸಂಖ್ಯಾತರೆಂದು ನಾವೀಗ ಹೇಳುವವರ ಚರಿತ್ರೆ ಅಂಥದು.

ಮರಾಠರ ಆಳ್ವಿಕೆಯ ದಖನ್ನಿನಲ್ಲಿ ಇವರ ಹೆಸರು ದಫ್ತರದಲ್ಲಿದ್ದುದು ಹಕ್ಕುದಾರರಾಗಿ. ಗೊತ್ತಾದ ಊರುಗಳಲ್ಲಿ ಕಾಸು ಎತ್ತುವ ಅಧಿಕಾರವಿತ್ತು. ಕೆಲವರಿಗೆ ಇನಾಮು ಭೂಮಿಯೂ ಇತ್ತು. ಗುರುವಿನಿಂದ ಶಿಷ್ಯರಿಗೆ ಅದು ಇಳಿದು ಬರುತ್ತಿತ್ತು. ಆ ಕಾಲವನ್ನು ಸುವರ್ಣಯುಗವೆಂದು ಬಗೆಯಬೇಕಾಗಿಲ್ಲ. ಭಿಕ್ಷೆಯ ಹಕ್ಕು ಎಷ್ಟಾದರೂ ಭಿಕ್ಷೆಯೇ. ಆದರೂ ಅವರಿಗೆ ಸಲ್ಲಬೇಕಾದುದೊಂದಿದೆ ಎಂದು ಸರ್ಕಾರ ಒಪ್ಪಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮುಂಬಯಿಯ ಕಂಪೆನಿ ಸರ್ಕಾರ ಈ ಹಕ್ಕುಗಳನ್ನು ತನಿಖೆ ಮಾಡಿಸಿ, ಇಂಥ ಜನರಿಗೆ ಸರ್ಕಾರದ ಆಶ್ರಯ ಸಲ್ಲದೆಂದು ಭಾವಿಸಿ, ಮುಂದಿನ ತಲೆಮಾರಿಗೆ ಹೋಗದಂತೆ ತಡೆಯಿತು.

ಅನಂತರ ಬಂದುದು ೧೮೭೧ರ ಇಪ್ಪತ್ತೇಳನೆಯ ಕಾಯಿದೆ. ಅಪರಾಧಿ ಬುಡಕಟ್ಟುಗಳ ಕಾಯಿದೆಯೆಂದು ಅದು ಕುಪ್ರಸಿದ್ಧ. ಅದರ ಎರಡನೆಯ ಭಾಗ ಇವರನ್ನೇ ಕುರಿತದ್ದೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಪ್ರಾಂತದ ಸರ್ಕಾರವನ್ನು ಆಗ ಸ್ಥಳೀಯ ಸರ್ಕಾರವೆಂದು ಕರೆಯುತ್ತಿದ್ದರು. ಅದು ತಾನು ಆರಿಸಿದ ಊರುಗಳಲ್ಲಿ ಈ ಭಾಗವನ್ನು ಜಾರಿಗೆ ತರಬಹುದಾಗಿತ್ತು. ಹಾಗೆ ಹೆಚ್ಚಾಗಿ ಜಾರಿಗೆ ಬಂದುದು ವಾಯವ್ಯ ಪ್ರಾಂತಗಳಲ್ಲಿ, ಎಂದರೆ ಇಂದಿನ ಉತ್ತರ ಪ್ರದೇಶದಲ್ಲಿ. ಮಕ್ಕಳನ್ನು ಕದಿಯುತ್ತಾರೆ, ಬೀಜ ಒಡೆಯುತ್ತಾರೆ, ಪ್ರಕೃತಿವಿರುದ್ಧವಾಗಿ ನಡೆಯುತ್ತಾರೆ ಎಂಬ ಸಂಶಯವಿದ್ದವರ ಹೆಸರು, ವಾಸಸ್ಥಳ, ಆಸ್ತಿಗಳನ್ನು ಬರೆದಿಡಬೇಕು. ಅಪರಾಧ ರುಜುವಾತಾಗಬೇಕಾಗಿರಲಿಲ್ಲ, ಸಂಶಯವೇ ಸಾಕಾಗಿತ್ತು. ಇವರು ಯಾರೆಂಬುದನ್ನು ಅವರೇ ಒಪ್ಪಿಕೊಳ್ಳಬೇಕು, ಇಲ್ಲವೆ ವೈದ್ಯನು ಮೈ ನೋಡಿ ಹೇಳಬೇಕು.

ಒಮ್ಮೆ ಹೆಸರು ಬರೆದ ಮೇಲೆ ಹೆಂಗಸಿನ ಉಡುಗೆತೊಡುಗೆಯಲ್ಲಿ ಬೀದಿಯಲ್ಲಿ ಕಾಣಿಸಿಕೊಂಡರೂ, ಜನರ ಮುಂದೆ ಕುಣಿದರೂ, ವಾದ್ಯ ನುಡಿಸಿದರೂ ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಸೆರೆಮನೆ. ಹದಿನಾರು ವರ್ಷ ತುಂಬದ ಹುಡುಗನನ್ನು ಮನೆಯಲ್ಲಿಟ್ಟುಕೊಂಡರೂ ಅಷ್ಟೇ ಶಿಕ್ಷೆ. ದಾನ ಕೊಡುವಂತಿಲ್ಲ, ಉಯಿಲು ಬರೆಯುವಂತಿಲ್ಲ, ದತ್ತು ತೆಗೆದುಕೊಳ್ಳುವಂತಿಲ್ಲ.

ಈ ಕೊನೆಯ ಮಾತುಗಳನ್ನು ವಾಚಕರು ಗಮನಿಸಬೇಕು. ಹುಟ್ಟಿದ ಮನೆಯನ್ನು ಬಿಟ್ಟು ಬಂದವರಿಗೆ ಗುರುಶಿಷ್ಯ ಸಂಬಂಧವೇ ಮನೆತನ. ಹಾಡು ಕುಣಿತಗಳನ್ನು ನಿಲ್ಲಿಸಿದರೆ ಹೊಟ್ಟೆಗೆ ಏಟು. ಉಯಿಲನ್ನೂ ದತ್ತನ್ನೂ ನಿಲ್ಲಿಸಿದರೆ ಮನೆತನವೇ ಒಂದು ತಲೆಮಾರಿಗೆ ಮುಗಿಯಿತು. ನೇಣು ಹಾಕದೆ, ಗಡೀಪಾರು ಮಾಡದೆ ಒಂದು ಸಮುದಾಯವನ್ನು ಇಲ್ಲವಾಗಿಸುವ ಉಪಾಯ ಇದು. ಅದಕ್ಕೆ ಬೇಕಾದುದು ಒಂದು ಪುಸ್ತಕ, ಒಬ್ಬ ಗುಮಾಸ್ತ.

೧೯೧೧ರ ಹೊಸ ಕಾಯಿದೆಯಲ್ಲಿ ಈ ಭಾಗ ಉಳಿಯಲಿಲ್ಲ. ಆದರೆ ಅದರ ನಕಲು ಬೇರೆ ಕಡೆ ಹುಟ್ಟಿತು. ಫಸಲಿ ೧೩೨೯ರಲ್ಲಿ, ಎಂದರೆ ೧೯೧೯ರ ಸುಮಾರಿಗೆ, ಹೈದರಾಬಾದಿನ ನಿಜಾಮರ ಸರ್ಕಾರ ಇದೇ ಅಚ್ಚಿನಲ್ಲಿ ಒಂದು ಕಾಯಿದೆ ಮಾಡಿತು. ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳೂ ಆಗ ನಿಜಾಮರ ಸೀಮೆಗೇ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯವೂ ಆ ಕಾಯಿದೆ ತೆಲಂಗಾಣದಲ್ಲಿ ಉಳಿದುಕೊಂಡಿತು. ಅಲ್ಲಿನ ಉಚ್ಚ ನ್ಯಾಯಾಲಯ ಅದನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿದ್ದು ೨೦೨೩ರ ಜುಲೈ ತಿಂಗಳಿನಲ್ಲಿ.

ಹೊರಗಿನವರನ್ನು ದೂರಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಮೈಸೂರು ಪೋಲೀಸು ಕಾಯಿದೆಯೆಂದು ೧೯೬೩ರಲ್ಲಿ ಹುಟ್ಟಿ ಮುಂದೆ ಕರ್ನಾಟಕದ ಹೆಸರು ಪಡೆದ ಕಾನೂನಿಗೆ ೨೦೧೧ರಲ್ಲಿ ೩೬ಎ ಎಂಬ ಕಲಮೊಂದು ಸೇರಿತು. ಸಂಶಯಕ್ಕೆ ಒಳಗಾದ ಹಿಜಡಾಗಳ ಹೆಸರು, ವಾಸಸ್ಥಳಗಳ ಪಟ್ಟಿ ಇಡಿಸುವ ಅಧಿಕಾರವನ್ನು ಅದು ಪೋಲೀಸು ಕಮೀಷನರಿಗೆ ಕೊಟ್ಟಿತು. ಮಾತು ೧೮೭೧ರದೇ, ನಡುವೆ ನೂರನಾಲ್ವತ್ತು ವರ್ಷ ಕಳೆದಿತ್ತು, ಅಷ್ಟೆ. ಸಮುದಾಯದವರು ನ್ಯಾಯಾಲಯಕ್ಕೆ ಹೋದ ಮೇಲೆ, ೨೦೧೬ರ ತಿದ್ದುಪಡಿಯಲ್ಲಿ ಅವರನ್ನು ಸೂಚಿಸುವ ಪದವನ್ನು ತೆಗೆದು ‘ವ್ಯಕ್ತಿಗಳು’ ಎಂದು ಹಾಕಲಾಯಿತು.

ನಗರಸಭೆಗಳ ಕಡೆಗೂ ಕಣ್ಣು ಹಾಯಿಸೋಣ. ಮಧ್ಯಪ್ರದೇಶದ ಕಟ್ನಿಯ ಮತದಾರರು ಈ ಶತಮಾನ ಮೊದಲಾಗುವ ಹೊತ್ತಿಗೆ ಕಮಲಾ ಜಾನ್ ಅವರನ್ನು ಮೇಯರಾಗಿ ಆರಿಸಿದರು. ಆ ಸ್ಥಾನ ಹೆಂಗಸರಿಗೆ ಮೀಸಲು. ಕಮಲಾ ಹೆಂಗಸಲ್ಲವೆಂದು ದಾವೆ ಬಿತ್ತು. ೨೦೦೩ರಲ್ಲಿ ಉಚ್ಚ ನ್ಯಾಯಾಲಯವೂ ಆಯ್ಕೆ ಸಲ್ಲದೆಂದಿತು. ಮತ ಕೊಟ್ಟ ಜನರಿಗೆ ಹುಟ್ಟದ ಸಂಶಯ ಕಾಗದಕ್ಕೆ ಹುಟ್ಟಿತು. ೨೦೧೪ರ ಏಪ್ರಿಲ್ ೧೫ರಂದು ಸರ್ವೋಚ್ಚ ನ್ಯಾಯಾಲಯ, ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆಯ ಹಠ ಹಿಡಿಯುವುದು ಕಾನೂನಿಗೆ ವಿರುದ್ಧ ಎಂದು ಹೇಳಿತು. ಮರುವರ್ಷದ ಜನವರಿಯಲ್ಲಿ ಛತ್ತೀಸಗಢದ ರಾಯಗಢದಲ್ಲಿ ಮಧು ಬಾಯಿ ಕಿನ್ನರ್ ಮೇಯರಾದರು.

ಪಾರ್ಲಿಮೆಂಟು ೨೦೧೯ರಲ್ಲಿ ಮಾಡಿದ ಕಾಯಿದೆ, ಗುರುತಿನ ಪತ್ರ ಕೊಡುವ ಕೆಲಸವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ವಹಿಸಿತು. ನಮ್ಮ ರಾಜ್ಯ ‘ಮೈತ್ರಿ’ ಎಂಬ ಮಾಸಾಶನವನ್ನು ಏರ್ಪಡಿಸಿತು; ೨೦೨೧ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ ಒಂದರಷ್ಟು ಮೀಸಲು ಕೊಟ್ಟು ಉಳಿದ ರಾಜ್ಯಗಳಿಗೆ ಮೇಲ್ಪಂಕ್ತಿಯಾಯಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಇವೆಲ್ಲಕ್ಕೂ ಮೊದಲು ಕಚೇರಿಗೆ ಬಂದು ಹೆಸರು ಬರೆಸಬೇಕು. ಯಾವ ಅಧಿಕಾರಿಯ ಪಟ್ಟಿಗೆ ಒಂದು ಕಾಲದಲ್ಲಿ ಅಂಜಿ ಅಡಗುತ್ತಿದ್ದರೋ ಅದೇ ಹೆಸರಿನ ಅಧಿಕಾರಿಯ ಮುಂದೆ ತಾವಾಗಿಯೇ ಬಂದು ನಿಲ್ಲಬೇಕು.

ಬಂದವರು ಹಿಂಜರಿದರೆ, ಬಾಗಿಲವರೆಗೆ ಬಂದು ಮರಳಿ ಹೋದರೆ, ಅದನ್ನು ಅಜ್ಞಾನವೆಂದು ಯಾರೂ ಎಣಿಸದಿರಲಿ. ಆ ಹಿಂಜರಿಕೆಗೆ ನೂರೈವತ್ತು ವರ್ಷದ ಕಾರಣವಿದೆ. ಅದನ್ನು ಕಳೆಯುವ ಕೆಲಸ ದೊಡ್ಡ ನ್ಯಾಯಾಲಯಗಳಿಂದ ಅರ್ಧ ಆಗಿದೆ. ಉಳಿದರ್ಧ ತಾಲ್ಲೂಕು ಕಚೇರಿಯ, ಪುರಸಭೆಯ, ಪಂಚಾಯಿತಿಯ ಮೇಜಿನ ಹಿಂದೆ ಕುಳಿತವರ ಕೈಯಲ್ಲಿದೆ. ‘ನಿಮ್ಮ ಹೆಸರೇನು?’ ಎಂದು ಕೇಳಿ, ಹೇಳಿದುದನ್ನು ಹೇಳಿದಂತೆ ಬರೆದುಕೊಳ್ಳುವುದಷ್ಟೇ ಅವರು ಮಾಡಬೇಕಾದುದು.