ಮಳವಳ್ಳಿಯಿಂದ ವಾಟರ್‌ಲೂವರೆಗೆ: ಹೋದ ಹಲ್ಲೊಂದರ ಕಥೆ

 

ಹೋದ ವಾರ ಮದ್ದೂರಿನ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ವಯಸ್ಸು 24. ಕೆಳದವಡೆಯ ಹಲ್ಲೊಂದು ಹುಳುಕಾಗಿ ಕೀಳಿಸಿದ್ದಾರೆ. ಡಾಕ್ಟರ್ ಮೂರು ದಾರಿ ಹೇಳಿದ್ರಂತೆ: ತೆಗೆದು ಹಾಕೋ ಹಲ್ಲು, ಬ್ರಿಡ್ಜ್, ಇಲ್ಲಾ ಇಂಪ್ಲಾಂಟ್. "ನಿಮ್ದು ಹಿಸ್ಟರಿ ಪಾಡ್‌ಕಾಸ್ಟ್ ಅಂತ ಗೊತ್ತು, ಆದ್ರೂ ಕೇಳ್ತಿದೀನಿ. ಯಾವುದು ಹಾಕಿಸ್ಲಿ? ಆ ಕಡೆಯಿಂದ ವಡೆ ಕಡಿಯೋಕೂ ಆಗ್ತಿಲ್ಲ" ಅಂದ್ರು. ಮದ್ದೂರಲ್ಲಿ ಹುಟ್ಟಿ ವಡೆ ಕಡಿಯೋಕಾಗಲ್ಲ ಅಂದ್ರೆ ಸಣ್ಣ ಕಷ್ಟ ಅಲ್ಲ ಬಿಡಿ.

ನಾನು ಡೆಂಟಿಸ್ಟ್ ಅಲ್ಲ. ಆದರೆ ಈ ಮೂರು ದಾರಿಗಳ ಹಿಂದೆ ಒಂದು ಚರಿತ್ರೆ ಇದೆ. ಅದರ ಒಂದು ಎಳೆ ಅವರ ಪಕ್ಕದ ತಾಲ್ಲೂಕು ಮಳವಳ್ಳಿಯನ್ನೂ ಹಾದು ಹೋಗುತ್ತೆ.

1799ರ ಮಾರ್ಚ್ 27. ನಾಲ್ಕನೇ ಮೈಸೂರು ಯುದ್ಧ. ಜನರಲ್ ಹ್ಯಾರಿಸ್‌ನ ಸೇನೆ ಕನಕಪುರದ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹೊರಟಿತ್ತು. ಮಳವಳ್ಳಿ ಹತ್ತಿರ ಟಿಪ್ಪು ಎದುರಾದ. ಬ್ರಿಟಿಷರ ಎಡಭಾಗದಲ್ಲಿ, ನಿಜಾಮನ ತುಕಡಿಗಳ ಜೊತೆ ಇದ್ದವನು 29 ವರ್ಷದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಟಿಪ್ಪು ಹಿಂದೆ ಸರಿಯಬೇಕಾಯ್ತು, ಮೇ 4ಕ್ಕೆ ಪಟ್ಟಣ ಬಿತ್ತು. ಅದೇ ವೆಲ್ಲೆಸ್ಲಿ 16 ವರ್ಷ ಆದ್ಮೇಲೆ, ಡ್ಯೂಕ್ ಆಫ್ ವೆಲ್ಲಿಂಗ್ಟನ್ ಅನ್ನೋ ಹೆಸರಲ್ಲಿ, 1815ರ ಜೂನ್ 18ರಂದು ವಾಟರ್‌ಲೂದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ.

ನಮಗೆ ಬೇಕಾಗಿರೋದು ಆ ಯುದ್ಧ ಅಲ್ಲ, ಅದು ಮುಗಿದ ಮೇಲೆ ಆಗಿದ್ದು. ಸಾವಿರಾರು ಹೆಣಗಳು ಬಿದ್ದಿದ್ದ ಆ ಬಯಲಲ್ಲಿ ಜನ ಇಕ್ಕಳ ಹಿಡ್ಕೊಂಡು ಓಡಾಡಿದರು. ಬಟ್ಟೆ, ಗುಂಡಿ, ಬೂಟು ದೋಚಿದ ಹಾಗೆ ಸತ್ತವರ ಮುಂದಿನ ಹಲ್ಲುಗಳನ್ನೂ ಕಿತ್ತರು. ಸತ್ತವರಲ್ಲಿ ಹೆಚ್ಚಿನವರು ಹರೆಯದವರು, ಹಲ್ಲು ಗಟ್ಟಿ ಇದ್ದವರು. ಆ ಹಲ್ಲುಗಳು ಲಂಡನ್ನಿಗೆ ಹೋಗಿ, ನೀರ್ಗುದುರೆ ದಂತದಲ್ಲಿ ಕೆತ್ತಿದ ಕಟ್ಟಿನ ಮೇಲೆ ಕೂತು, ಸಾಹುಕಾರರ ಬಾಯಿ ಸೇರಿದವು. ವಾಟರ್‌ಲೂ ಹಲ್ಲು ಅಂತಲೇ ಅವಕ್ಕೆ ಹೆಸರು ಬಂತು. ಮಳವಳ್ಳಿಯಲ್ಲೂ ಹೀಗೆ ಕಿತ್ತರು ಅಂತ ನಾನು ಹೇಳ್ತಿಲ್ಲ. ಇಲ್ಲಿ ಗೆದ್ದ ಸೇನಾಪತಿ ಅಲ್ಲಿ ಗೆದ್ದಾಗ ಅವನ ಸೈನಿಕರ ಬಾಯಿಗೇ ಮಾರ್ಕೆಟ್ ಇತ್ತು, ಅಷ್ಟೇ.

ಸಾಹುಕಾರರಿಗೆ ಅಷ್ಟೊಂದು ಹಲ್ಲು ಯಾಕೆ ಬೇಕಿತ್ತು? ಸಕ್ಕರೆ. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರಿಂದ ಬೆಳೆಸಿದ ಕಬ್ಬಿನ ಸಕ್ಕರೆ 18ನೇ ಶತಮಾನದಲ್ಲಿ ಇಂಗ್ಲೆಂಡಿನ ಟೀ ಕಪ್ಪಿಗೆ ಬಂತು, ಮೊದಲು ಹಾಳಾಗಿದ್ದು ಅದನ್ನು ಕೊಳ್ಳೋ ಶಕ್ತಿ ಇದ್ದವರ ಹಲ್ಲು. ಬಡವರ ಮಕ್ಕಳಿಗೆ ದುಡ್ಡು ಕೊಟ್ಟು, ಜೀವಂತ ಹಲ್ಲು ಕಿತ್ತು, ಹಂಗೇ ಬಿಸಿಬಿಸಿಯಾಗಿ ಇನ್ನೊಬ್ಬರ ವಸಡಿಗೆ ಸಿಕ್ಕಿಸೋ ವೈದ್ಯರೂ ಇದ್ದರು. ರೌಲಂಡ್ಸನ್ ಅನ್ನೋ ಚಿತ್ರಕಾರ 1787ರಲ್ಲಿ ಇದನ್ನೇ ಕುಟುಕಿ ಒಂದು ವ್ಯಂಗ್ಯಚಿತ್ರ ಮಾಡಿದ. ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್‌ನ 1784ರ ಲೆಕ್ಕದ ಪುಸ್ತಕದಲ್ಲಿ ಕಪ್ಪು ಜನರಿಂದ 9 ಹಲ್ಲು ಕೊಂಡ ಬಾಬ್ತು ಇವತ್ತಿಗೂ ಓದೋಕೆ ಸಿಗುತ್ತೆ.

ಆಮೇಲೆ ಪಿಂಗಾಣಿ ಹಲ್ಲು ಬಂತು, ಗಟ್ಟಿ ರಬ್ಬರಿನ ವಸಡು ಬಂತು, 1930ರ ದಶಕದಲ್ಲಿ ಅಕ್ರಿಲಿಕ್ ಬಂತು. ತೆಗೆದು ಹಾಕೋ ಹಲ್ಲು ಅಂತ ನಮ್ಮ ಅಜ್ಜ ರಾತ್ರಿ ಲೋಟದ ನೀರಲ್ಲಿ ಇಡ್ತಿದ್ದರಲ್ಲ, ಅದು ಈ ವಂಶದ್ದು. ನಾವು ಅದನ್ನ ನೋಡಿ ನಗ್ತೀವಿ. ಆದರೆ ಸತ್ತವರ ಹಲ್ಲಿನಿಂದ ನಮ್ಮನ್ನು ಬಿಡಿಸಿದ್ದು ಅಂಥ ಅಗ್ಗದ ಹಲ್ಲೇ. ನನಗೆ ಅದರ ಮೇಲೆ ಗೌರವ ಇದೆ.

ಸಕ್ಕರೆ ಮಾತ್ರ ನಮ್ಮೂರಿಗೇ ಬಂತು. ಕನ್ನಂಬಾಡಿ ನೀರು ನಾಲೆಗೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಗಿ, ಮಂಡ್ಯ ಸಕ್ಕರೆ ನಾಡಾಯ್ತು. ಆಲೆಮನೆ ಬೆಲ್ಲ ನ್ಯಾಚುರಲ್ ಕಣ್ರೀ, ಹಲ್ಲಿಗೆ ಏನೂ ಆಗಲ್ಲ ಅನ್ನೋರು ಇದ್ದಾರೆ. ಹಲ್ಲಿಗೆ ಅಂಟಿರೋ ಬ್ಯಾಕ್ಟೀರಿಯಾಕ್ಕೆ ಆ ಭೇದ ಗೊತ್ತಿಲ್ಲ. ಎರಡರಿಂದಲೂ ಅದು ಆಸಿಡ್ ಮಾಡುತ್ತೆ.

ಈಗ ನಮ್ಮ ಕೇಳುಗರ ಪ್ರಶ್ನೆಗೆ ಬರೋಣ. ಹಲ್ಲಿನ ಬೆಲೆಯನ್ನು ಆಗ ಬೇರೆ ಯಾರೋ ಕೊಡ್ತಿದ್ರು, ಈಗ ನಮ್ಮ ಬಾಯೇ ಕೊಡಬೇಕು. ಬ್ರಿಡ್ಜ್ ಅಂದರೆ ಸೇತುವೆ. ಅದಕ್ಕೆ ಆಚೆ ಈಚೆ ಎರಡು ಹಲ್ಲು ಕಂಬ. ಆ ಎರಡನ್ನೂ ಅರೆದು ಸಣ್ಣ ಮಾಡಿ ಟೋಪಿ ಹಾಕಬೇಕು, ಅರೆದ ಎನಾಮಲ್ ವಾಪಸ್ ಬರಲ್ಲ. ಪಕ್ಕದ ಹಲ್ಲುಗಳು ಮೊದಲೇ ಹಾಳಾಗಿ ಕ್ಯಾಪ್ ಬೇಕಾಗಿದ್ದರೆ ಇದು ಒಳ್ಳೇ ದಾರಿ. ಗಟ್ಟಿ ಇದ್ದರೆ, ಮನೆ ಕಟ್ಟೋಕೆ ಅಕ್ಕಪಕ್ಕದವರ ಗೋಡೆ ಒಡೆದ ಹಾಗೆ.

ಇಂಪ್ಲಾಂಟ್ ಕಥೆ ಸ್ವೀಡನ್ನಿನದು. ಬ್ರೋನೆಮಾರ್ಕ್ ಅನ್ನೋ ಸಂಶೋಧಕ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಉಪಕರಣ ಕೂರಿಸಿ, ರಕ್ತ ಹರಿಯೋದನ್ನು ನೋಡ್ತಿದ್ದ. ಕೆಲಸ ಮುಗಿದು ತೆಗೆಯೋಕೆ ಹೋದರೆ ಬರ್ತಾನೇ ಇಲ್ಲ, ಮೂಳೆ ಅದನ್ನ ಕಚ್ಚಿಕೊಂಡಿದೆ! 1965ರಲ್ಲಿ ಮೊದಲ ಮನುಷ್ಯನ ದವಡೆಗೆ ಟೈಟಾನಿಯಂ ಸ್ಕ್ರೂ ಬಿತ್ತು. ಇದರಲ್ಲಿ ಪಕ್ಕದ ಹಲ್ಲು ಮುಟ್ಟೋ ಹಾಗಿಲ್ಲ. ಆದರೆ ಮೂಳೆ ಸಾಕಷ್ಟು ಇರಬೇಕು, ಕೂಡಿಕೊಳ್ಳೋಕೆ ತಿಂಗಳುಗಟ್ಟಲೆ ಕಾಯಬೇಕು, ಬೀಡಿ ಸಿಗರೇಟು ಹಾಗೂ ಹತೋಟಿ ತಪ್ಪಿದ ಶುಗರ್ ಇದಕ್ಕೆ ಶತ್ರು. ದವಡೆ ಇನ್ನೂ ಬೆಳೀತಿರೋ ಹುಡುಗರಿಗೆ ಸಾಮಾನ್ಯವಾಗಿ ಹಾಕಲ್ಲ. ದುಡ್ಡಂತೂ ಮೂರರಲ್ಲೇ ಜಾಸ್ತಿ.

ಹಂಗೇ ಬಿಟ್ಟುಬಿಡೋದೂ ಒಂದು ದಾರಿ. ಕಟ್ಟಕಡೆಯ ದವಡೆಹಲ್ಲಾದರೆ ಎಷ್ಟೋ ಸಲ ನಡೆದುಹೋಗುತ್ತೆ. ನಡುವಿನದಾದರೆ ಪಕ್ಕದವು ಆ ಸಂದಿಗೆ ವಾಲಬಹುದು, ಮೇಲಿನದು ಕೆಳಗೆ ಇಳಿಯಬಹುದು. ಇನ್ನೊಂದು, ದಯವಿಟ್ಟು ಬೇಡ ಅನ್ನೋದು: ಡಿಗ್ರಿ ಇಲ್ಲದವರು ಅರ್ಧ ಗಂಟೇಲಿ ತಂತಿ, ಅಕ್ರಿಲಿಕ್ ಹಾಕಿ ಪಕ್ಕದ ಹಲ್ಲಿಗೇ ಅಂಟಿಸಿ ಕೊಡೋ ಫಿಕ್ಸ್ ಹಲ್ಲು. ಅದರ ಅಡಿ ಬ್ರಷ್ ಹೋಗಲ್ಲ. ಒಂದು ಹಲ್ಲು ಹೋಗಿದ್ದವರಿಗೆ ಮೂರು ಹೋಗೋದು ಹೀಗೆ.

ಇದನ್ನೆಲ್ಲ ಆ ಮದ್ದೂರಿನ ಗೆಳೆಯನಿಗೆ ಫೋನಲ್ಲೇ ಹೇಳಿದೆ. ಅವರು ಮತ್ತೆ ಡಾಕ್ಟರ್ ಹತ್ತಿರ ಹೋಗಿ, ಎಕ್ಸ್‌ರೇ ತೆಗೆಸಿ, ಎರಡು ಪ್ರಶ್ನೆ ಕೇಳಿ ಬಂದರು: ಪಕ್ಕದ ಹಲ್ಲು ಹೇಗಿವೆ? ನಾನು ಎಷ್ಟು ದಿನ ಕಾಯಬಹುದು? ಪಕ್ಕದವು ಗಟ್ಟಿ ಇವೆಯಂತೆ, ಹಾಗಾಗಿ ಬ್ರಿಡ್ಜ್ ಬೇಡ ಅಂದರು. ಕಿತ್ತ ಜಾಗದ ಮೂಳೆ ಮೊದಲ ಕೆಲವು ತಿಂಗಳಲ್ಲೇ ಹೆಚ್ಚು ಕರಗುತ್ತೆ, ವರ್ಷಗಟ್ಟಲೆ ತಳ್ಳಬೇಡಿ ಅಂತಲೂ ಅಂದರು. ಈಗ ಅಜ್ಜನ ಥರದ್ದೇ ತೆಗೆದು ಹಾಕೋ ಹಲ್ಲು ಹಾಕ್ಕೊಂಡಿದ್ದಾರೆ. ಇಂಪ್ಲಾಂಟ್ ಕಬ್ಬಿನ ಬಿಲ್ ಬಂದ ಮೇಲಂತೆ. ವಡೆ ಸದ್ಯಕ್ಕೆ ಇನ್ನೊಂದು ಕಡೆಯಿಂದ.