ಅಂಗೈಯ ಮೇಲಿನ ಅಕ್ಷರ ಮತ್ತು ಅಂಕಕ್ಕೆ ಕಟ್ಟಿದ ಬೆಲೆ

ವಾರ್ಷಿಕ ಪರೀಕ್ಷೆಗಳು ಸಮೀಪಿಸಿದಂತೆ ನಮ್ಮ ಅನೇಕ ಮನೆಗಳಲ್ಲಿ ತಂದೆಗೂ ಮಗನಿಗೂ ನಡುವೆ ಒಂದು ಕರಾರು ಏರ್ಪಡುತ್ತದೆ. ನೂರಕ್ಕೆ ತೊಂಬತ್ತು ಅಂಕ ತಂದರೆ ಸೈಕಲ್ಲು, ತರಗತಿಗೆ ಮೊದಲಿಗನಾದರೆ ಸಾವಿರ ರೂಪಾಯಿ. ಹೀಗೆ ಮಾತು ಕೊಡುವ ಹಿರಿಯರ ಆಶಯ ಒಳ್ಳೆಯದೇ. ಮಗು ಓದಲಿ, ಮುಂದೆ ಬರಲಿ ಎಂಬುದಲ್ಲದೆ ಅವರಿಗೆ ಬೇರಾವ ಉದ್ದೇಶವೂ ಇಲ್ಲ. ಆದರೆ ಅಂಕಕ್ಕೆ ಹಣದ ಬೆಲೆ ಕಟ್ಟಿದಾಗ ವಿದ್ಯೆಯು ಬೆಳೆಯುತ್ತದೆಯೇ, ಬಾಡುತ್ತದೆಯೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ವಿರಳ. ವಾಚಕರೇ, ಈ ಪ್ರಶ್ನೆ ಹೊಸದಲ್ಲ. ಎರಡು ಶತಮಾನಗಳಿಂದ ಅನೇಕ ದೇಶಗಳು ಇದನ್ನು ಪ್ರಯೋಗಿಸಿ ನೋಡಿವೆ. ಆ ಕಥೆಯ ಒಂದು ತುದಿ ನಮ್ಮ ನಾಡಿನ ಐಗಳ ಮಠಗಳಲ್ಲಿಯೇ ಇದೆ.

1822ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ತನ್ನ ಪ್ರಾಂತದ ದೇಶೀ ಶಾಲೆಗಳ ಸ್ಥಿತಿಗತಿಗಳನ್ನು ತಿಳಿಸುವಂತೆ ಎಲ್ಲ ಕಲೆಕ್ಟರರಿಗೂ ಆದೇಶವಿತ್ತನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ ತಿಂಗಳಲ್ಲಿ ಬರೆದು ಕಳುಹಿಸಿದ ವರದಿಯು ಇವುಗಳಲ್ಲಿ ಅತ್ಯಂತ ಮೌಲಿಕವಾದುದು. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹು ವಿಸ್ತಾರವಾಗಿತ್ತು. ಅದರಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಈ ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಇಂಗ್ಲಿಷ್ ಕಲಿಸುವ ಶಾಲೆ ಒಂದೇ ಒಂದು. ಓದುವ ಗ್ರಂಥಗಳ ಪಟ್ಟಿಯಲ್ಲಿ ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣಗಳ ಹೆಸರುಗಳನ್ನು ಕಂಡು ನಮ್ಮ ಓದುಗರಿಗೆ ಸಂತೋಷವಾಗಬಹುದು.

ಆ ವರದಿಯಲ್ಲಿ ಒಂದು ಸಣ್ಣ ಸಂಗತಿ ದಾಖಲಾಗಿದೆ. ಬೆಳಿಗ್ಗೆ ಶಾಲೆಗೆ ಎಲ್ಲರಿಗಿಂತ ಮೊದಲು ಬಂದ ಬಾಲಕನ ಅಂಗೈಯ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾಗಿ ಬಂದಂತೆಲ್ಲ ಒಂದೊಂದು ಹೆಚ್ಚು. ಏಟಿನ ಪದ್ಧತಿಯನ್ನು ನಾವು ಇಂದು ಸಮರ್ಥಿಸಲಾರೆವು. ಅರ್ಥವರಿಯದೆ ಗಿಳಿಪಾಠ ಒಪ್ಪಿಸುವ ದೋಷವೂ ಆ ಶಾಲೆಗಳಲ್ಲಿ ಇದ್ದಿತೆಂದು ಕ್ಯಾಂಪ್‌ಬೆಲ್ಲನೇ ಹೇಳಿದ್ದಾನೆ. ಆದರೆ ಆ ಬಹುಮಾನದ ಸ್ವರೂಪವನ್ನು ಗಮನಿಸಿರಿ. ಅಂಗೈಯ ಅಕ್ಷರವನ್ನು ಕೂಡಿಡಲು ಬಾರದು, ಮಾರಲು ಬಾರದು, ಸಂತೆಯಲ್ಲಿ ಕೊಟ್ಟು ಬೇರೊಂದನ್ನು ಕೊಳ್ಳಲು ಬಾರದು. ಇನ್ನೂ ಒಂದು ವಿಶೇಷವಿದೆ. ಆ ಗೌರವವು ಬುದ್ಧಿವಂತಿಕೆಗೆ ಸಂದುದಲ್ಲ. ಬೇಗನೆದ್ದು ಬಂದ ಶ್ರದ್ಧೆಗೆ ಸಂದುದು. ಮಂದಮತಿಯಾದ ಬಾಲಕನೂ ಅದನ್ನು ಪಡೆಯಬಹುದಾಗಿತ್ತು.

ದಕ್ಷಿಣದ ಇಂತಹ ಶಾಲೆಗಳಿಂದ ಇಂಗ್ಲೆಂಡಿಗೂ ಒಂದು ಪಾಠ ಹೋಯಿತು. ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ಕಂಡು ತನ್ನಲ್ಲಿಯೂ ಅದನ್ನು ಆಚರಣೆಗೆ ತಂದನು. ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಪಾಠ ಹೇಳಿಸಿದನು. 1797ರಲ್ಲಿ ಅವನು ಪ್ರಕಟಿಸಿದ ವೃತ್ತಾಂತದಿಂದ ಇದು ‘ಮದರಾಸು ಪದ್ಧತಿ’ ಎಂದು ಹೆಸರಾಯಿತು. ಲಂಡನ್ನಿನಲ್ಲಿ ಬಡ ಮಕ್ಕಳಿಗಾಗಿ ಇದೇ ಬಗೆಯ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರ್ ಅದಕ್ಕೆ ಹೊಸದೊಂದನ್ನು ಸೇರಿಸಿದನು. ಚೆನ್ನಾಗಿ ಕಲಿತವನಿಗೆ ಚೀಟಿ; ಚೀಟಿಗಳನ್ನು ಕೂಡಿಸಿದವನಿಗೆ ಬಹುಮಾನ. ಅಲ್ಲಿಂದ ಈ ಚೀಟಿಯು ಅಮೆರಿಕೆಯ ನ್ಯೂಯಾರ್ಕನ್ನೂ ಮುಟ್ಟಿತು. 1830ರ ದಶಕದಲ್ಲಿ ಅಲ್ಲಿನ ಶಾಲೆಗಳ ಧರ್ಮದರ್ಶಿಗಳು, ಮಕ್ಕಳಲ್ಲಿ ಇದು ವ್ಯಾಪಾರಬುದ್ಧಿಯನ್ನೂ ಕಲಹವನ್ನೂ ಬೆಳೆಸುತ್ತಿದೆಯೆಂದು ಮನಗಂಡು ಅದನ್ನು ಕೈಬಿಟ್ಟರು. ಅಂಗೈಯ ಅಕ್ಷರವು ಚೀಟಿಯಾದೊಡನೆ ಅದಕ್ಕೆ ವಿನಿಮಯದ ಗುಣ ಬಂದಿತು. ವಿನಿಮಯದ ಜೊತೆಗೆ ಅದರ ದೋಷಗಳೂ ಬಂದವು.

ಆದರೂ ಮನುಷ್ಯನು ಒಮ್ಮೆಗೇ ಪಾಠ ಕಲಿಯುವವನಲ್ಲ. 1862ರಲ್ಲಿ ಇಂಗ್ಲೆಂಡಿನ ಸರಕಾರವು ರಾಬರ್ಟ್ ಲೋ ಎಂಬ ರಾಜಕಾರಣಿಯ ನೇತೃತ್ವದಲ್ಲಿ ಪ್ರಾಥಮಿಕ ಶಾಲೆಗಳ ಸಹಾಯಧನಕ್ಕೆ ಹೊಸ ನಿಯಮಾವಳಿಯನ್ನು ತಂದಿತು. ಪ್ರತಿ ಮಗುವಿನ ಹಾಜರಿಗೆ 4 ಶಿಲಿಂಗು. ಓದು, ಬರಹ, ಲೆಕ್ಕಗಳ ಪರೀಕ್ಷೆಗೆ 8 ಶಿಲಿಂಗು. ಒಂದೊಂದು ವಿಷಯದಲ್ಲಿ ನಪಾಸಾದರೂ 2 ಶಿಲಿಂಗು 8 ಪೆನ್ಸು ಕಡಿತ. ಹಣವು ಮಗುವಿನ ಕೈ ಸೇರದೆ ಶಾಲೆಗೆ ಸೇರುತ್ತಿತ್ತಾದರೂ ಅಂಕಕ್ಕೆ ಬೆಲೆ ಕಟ್ಟುವ ತತ್ತ್ವ ಅದೇ.

ಪರಿಣಾಮವೇನಾಯಿತು? ಉಪಾಧ್ಯಾಯರು ಪರೀಕ್ಷೆಗೆ ಬರುವುದನ್ನು ಮಾತ್ರ ಕಲಿಸತೊಡಗಿದರು. ಭೂಗೋಳ, ಇತಿಹಾಸಗಳು ಮೂಲೆಗುಂಪಾದವು. ಮಕ್ಕಳು ವಾಚನ ಪುಸ್ತಕವನ್ನು ಕಂಠಪಾಠ ಮಾಡಿ, ಪುಸ್ತಕ ತಲೆಕೆಳಗಾಗಿದ್ದರೂ ತಡವರಿಸದೆ ಒಪ್ಪಿಸುವಂತಾಯಿತು. ಕವಿಯೂ ಶಾಲಾ ತನಿಖಾಧಿಕಾರಿಯೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ಇದು ಶಿಕ್ಷಣವನ್ನು ಯಾಂತ್ರಿಕವಾಗಿಸುತ್ತದೆಂದು ತನ್ನ ವರದಿಗಳಲ್ಲಿ ಖಂಡಿಸಿದನು. ಆ ಶತಮಾನ ಮುಗಿಯುವುದರೊಳಗೆ ಪದ್ಧತಿಯೇನೋ ತೊಲಗಿತು. ಆದರೆ ಮುಖ್ಯ ತನಿಖಾಧಿಕಾರಿಯಾಗಿದ್ದು ನಿವೃತ್ತನಾದ ಎಡ್ಮಂಡ್ ಹೋಮ್ಸ್ 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪದ್ಧತಿ ಹೋದರೂ ಅದು ರೂಢಿಸಿದ ಅಭ್ಯಾಸ ಶಾಲೆಗಳನ್ನು ಬಿಟ್ಟು ಹೋಗಿಲ್ಲವೆಂದು ಮರುಗಿದನು. ಬೆಲೆ ಕಟ್ಟುವುದು ಸುಲಭ. ಕಟ್ಟಿದ ಬೆಲೆಯನ್ನು ಮನಸ್ಸಿನಿಂದ ಅಳಿಸುವುದು ಕಷ್ಟ.

ಇದೇ ಪದ್ಧತಿ ಸಮುದ್ರ ದಾಟಿ ನಮ್ಮಲ್ಲಿಗೂ ಬಂದಿತು. ಮದರಾಸು ಮತ್ತು ಮುಂಬಯಿ ಪ್ರಾಂತಗಳಲ್ಲಿ ಫಲಿತಾಂಶವನ್ನು ನೋಡಿ ಸಹಾಯಧನ ಕೊಡುವ ಕ್ರಮ ನೆಲೆಯೂರಿತು. ಬಳ್ಳಾರಿ, ಮಂಗಳೂರುಗಳು ಮದರಾಸು ಪ್ರಾಂತದಲ್ಲಿದ್ದವು. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿಯಲ್ಲಿ. 1882ರ ಹಂಟರ್ ಆಯೋಗವು ಕಾಲೇಜುಗಳಿಗೆ ಇದು ಸಲ್ಲದೆಂದರೂ ಪ್ರಾಥಮಿಕ ಶಾಲೆಗಳಿಗೆ ಉಳಿಸಿತು. ಕೊನೆಗೆ ಕರ್ಜನ್ನನ ಕಾಲದಲ್ಲಿ ಹೊರಟ 1904ರ ಶಿಕ್ಷಣ ನಿರ್ಣಯವು ಇದನ್ನು ನಿರಾಕರಿಸಿತು. ಅಂಗೈಯಲ್ಲಿ ಅಕ್ಷರ ಬರೆಯುತ್ತಿದ್ದ ಅದೇ ಬಳ್ಳಾರಿಯ ಸೀಮೆಯಲ್ಲಿ ಮಗುವಿನ ಓದನ್ನು ನಾಣ್ಯದಿಂದ ಅಳೆಯುವ ಕಾಲವೂ ಬಂದು ಹೋಯಿತೆಂಬುದು ಇತಿಹಾಸದ ವಿಪರ್ಯಾಸವಲ್ಲದೆ ಮತ್ತೇನು?

ಇದು ಹಳೆಯ ಕಾಲದ ಮಾತಾಯಿತು, ಇಂದಿನ ವಿಜ್ಞಾನ ಏನೆನ್ನುತ್ತದೆಂದು ಕೆಲವರು ಕೇಳಬಹುದು. 1973ರಲ್ಲಿ ಅಮೆರಿಕೆಯ ಮನಶ್ಶಾಸ್ತ್ರಜ್ಞರಾದ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಕೆಲವರಿಗೆ ಏನನ್ನೂ ಕೊಡಲಿಲ್ಲ. ಕೆಲವು ದಿನಗಳ ಅನಂತರ ನೋಡಿದಾಗ, ಮೊದಲೇ ಆಸೆ ತೋರಿಸಿದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಕಾಲವನ್ನು ಮಾತ್ರ ಚಿತ್ರಕ್ಕೆ ಕೊಡುತ್ತಿದ್ದರು. ಅನಿರೀಕ್ಷಿತವಾಗಿ ಪಡೆದವರ ಆಸಕ್ತಿ ಕುಂದಿರಲಿಲ್ಲ. ಕೆಡುಕು ಉಡುಗೊರೆಯಲ್ಲಿರಲಿಲ್ಲ, ಕರಾರಿನಲ್ಲಿತ್ತು.

2011ರಲ್ಲಿ ಪ್ರಕಟವಾದ ರೋಲಂಡ್ ಫ್ರೈಯರ್ ಎಂಬ ಅರ್ಥಶಾಸ್ತ್ರಜ್ಞರ ಪ್ರಯೋಗವು ಇನ್ನೂ ನೇರವಾದುದು. ಷಿಕಾಗೊದಲ್ಲಿ ಒಂಬತ್ತನೆಯ ತರಗತಿಯವರಿಗೆ ಅತ್ಯುತ್ತಮ ದರ್ಜೆಗೆ 50 ಡಾಲರಿನಂತೆ, ನ್ಯೂಯಾರ್ಕಿನಲ್ಲಿ ಪರೀಕ್ಷೆಯ ಅಂಕಗಳಿಗೆ ತಕ್ಕಂತೆ ಹಣ ಕೊಡಲಾಯಿತು. ಎರಡೂ ಕಡೆ ಪರೀಕ್ಷಾ ಸಾಧನೆಯಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ಮಕ್ಕಳಿಗೆ ಹಣದ ಉತ್ಸಾಹವಿದ್ದಿತು. ಅಂಕ ಹೆಚ್ಚಿಸುವ ದಾರಿ ಮಾತ್ರ ತಿಳಿದಿರಲಿಲ್ಲ. ಡಲ್ಲಾಸ್ ನಗರದಲ್ಲಿ ಎರಡನೆಯ ತರಗತಿಯ ಮಕ್ಕಳಿಗೆ ಅಂಕಕ್ಕಲ್ಲದೆ, ಓದಿ ಮುಗಿಸಿದ ಒಂದೊಂದು ಪುಸ್ತಕಕ್ಕೆ 2 ಡಾಲರು ಕೊಟ್ಟರು. ಅಲ್ಲಿ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದ ಮಕ್ಕಳ ಓದು ಸುಧಾರಿಸಿತು. ಫಲಕ್ಕೆ ಕೊಟ್ಟ ಹಣ ವ್ಯರ್ಥವಾದರೂ ಪ್ರಯತ್ನಕ್ಕೆ ಕೊಟ್ಟದ್ದು ಸ್ವಲ್ಪಮಟ್ಟಿಗೆ ಫಲಿಸಿತು. ಬಳ್ಳಾರಿಯ ಆ ಅನಾಮಧೇಯ ಐಗಳು ಶ್ರದ್ಧೆಗೆ ಅಕ್ಷರ ಬರೆದುದರಲ್ಲಿ ಅರ್ಥವಿರಲಿಲ್ಲವೆನ್ನುವಂತಿಲ್ಲ.

ಹಾಗಾದರೆ ವಿದ್ಯೆಗೂ ಹಣಕ್ಕೂ ಸಂಬಂಧವೇ ಬೇಡವೆಂದು ಹೇಳಲಾದೀತೆ? ಹಾಗಲ್ಲ. ದೇಶದ ಜನ ದಿನೇ ದಿನೇ ಬಡವಾಗುತ್ತಿರುವುದೇ ಶಾಲೆಗಳು ಕ್ಷೀಣಿಸಲು ಕಾರಣವೆಂದು ಕ್ಯಾಂಪ್‌ಬೆಲ್ 1823ರಲ್ಲಿಯೇ ಬರೆದಿದ್ದನು. ಹೊಟ್ಟೆಗಿಲ್ಲದ ಮನೆಯ ಮಗುವಿಗೆ ಅನ್ನ, ಪುಸ್ತಕ, ಶುಲ್ಕಗಳನ್ನು ಒದಗಿಸುವುದು ಬಹುಮಾನವಲ್ಲ, ಹಿರಿಯರ ಕರ್ತವ್ಯ. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಮಧ್ಯಾಹ್ನದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರಿದೆ. ದಾಸೋಹದ ಪಂಕ್ತಿಯಲ್ಲಿ ಕುಳಿತ ಮಗುವನ್ನು ಯಾರೂ ಎಷ್ಟು ಅಂಕ ಬಂದಿತೆಂದು ಕೇಳಿ ಬಡಿಸುವುದಿಲ್ಲ. ದಾರಿಯ ಕಲ್ಲನ್ನು ತೆಗೆಯಲು ಹಣ ಬೇಕು. ನಡೆಯುವ ಕಾಲಿಗೆ ಕೂಲಿ ಬೇಡ.

ತಂದೆತಾಯಿಗಳೇ, ಈ ಬಾರಿ ಫಲಿತಾಂಶ ಬರುವ ಮೊದಲು ಕರಾರು ಮಾಡಬೇಡಿರಿ. ಹಣ ಕೊಡುವ ಮನಸ್ಸಿದ್ದರೆ ಪುಸ್ತಕ ಕೊಳ್ಳಿರಿ. ಓದಿದ್ದನ್ನು ಮಗುವಿನಿಂದ ಕೇಳಿರಿ. ಕಷ್ಟಪಟ್ಟೂ ಕಡಿಮೆ ಅಂಕ ತಂದ ಮಗುವನ್ನು ಬಳಿಗೆ ಕರೆದು ಸಂತೈಸಿರಿ. ಕರಾರಿನ ಮನೆಯಲ್ಲಿ ಅಂತಹ ಮಗುವಿಗೆ ಸಲ್ಲುವುದು ಏನೂ ಇಲ್ಲ. ಸೋಲಿನ ಜೊತೆಗೆ ನಷ್ಟವನ್ನೂ ಅದು ಹೊರಬೇಕಾಗುತ್ತದೆ. ಮಗು ಹಿಗ್ಗಿನಿಂದ ಚಾಚಿದ ಅಂಗೈಯಲ್ಲಿ ನಾವು ಇಡುವುದು ನಾಣ್ಯವೋ ಅಕ್ಷರವೋ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ನಿಶ್ಚಯಿಸಬೇಕು.